ಅಡ್ಡ ಬಂದ ನಾಯಿ

(ತೃತೀಯ ಬಿ.ಎ. ವಿದ್ಯಾರ್ಥಿ, ಇತಿಹಾಸ ವಿಭಾಗ)

ನಮ್ಮ ತಾಲ್ಲೂಕಿನಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದವರನ್ನು ಒಮ್ಮೆ ಮಾತನಾಡಿಸಿ ನೋಡಿ. "ಜೋರಾಗಿ ಹೋಗುತ್ತಿದ್ದೆ" ಎಂದವರನ್ನು ನಾನು ಇದುವರೆಗೆ ಕಂಡಿಲ್ಲ. "ಕಣ್ಣು ಬೇರೆ ಕಡೆಗಿತ್ತು" ಎಂದವರೂ ಸಿಕ್ಕಿಲ್ಲ. ಎಲ್ಲರಿಗೂ ನಾಯಿ ಅಡ್ಡ ಬಂದಿರುತ್ತದೆ. ಕೈಗೆ ಕಟ್ಟು ಹಾಕಿಸಿಕೊಂಡವನಿಗೂ ನಾಯಿ, ಮೊಣಕಾಲು ತರಚಿಕೊಂಡವನಿಗೂ ನಾಯಿ, ಹೊಸ ಗಾಡಿಯ ದೀಪ ಒಡೆದುಕೊಂಡು ಮನೆಗೆ ತಳ್ಳಿಕೊಂಡು ಬಂದವನಿಗೂ ನಾಯಿ. ಇಷ್ಟೊಂದು ನಾಯಿಗಳು ದಿನವೂ ರಸ್ತೆ ದಾಟುವುದಾದರೆ ಅವು ದಾಟಿ ಹೋಗುವುದೆಲ್ಲಿಗೆ, ಅಲ್ಲಿ ಅವಕ್ಕೆ ಅಷ್ಟು ಅವಸರದ ಕೆಲಸವಾದರೂ ಏನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪಾಪ, ಅವಕ್ಕೆ ಬಾಯಿ ಇದ್ದೂ ಸಾಕ್ಷಿ ಹೇಳಲು ಬಾರದು.

ನಾನೂ ಬಿದ್ದವನೇ. ನನಗೂ ನಾಯಿ ಅಡ್ಡ ಬಂದಿತ್ತು. ಎಂದರೆ, ನಾಲ್ಕು ವರ್ಷಗಳಿಂದ ನಮ್ಮ ಮನೆಯಲ್ಲಿ ಹಾಗೆಂದು ನಂಬಿಕೊಂಡು ಬಂದಿದ್ದಾರೆ.

ಮೊದಲಿನಿಂದ ಹೇಳುವುದೇ ಒಳ್ಳೆಯದು. ನಮ್ಮದು ಪೇಟೆಯಿಂದ ಹನ್ನೊಂದು ಕಿಲೋಮೀಟರು ಒಳಗಿರುವ ಹಳ್ಳಿ. ಬಸ್ಸು ದಿನಕ್ಕೆ ಮೂರು ಬಾರಿ ಬರುತ್ತದೆ. ಮೂರನೆಯದು ಬರುತ್ತದೆ ಎಂದು ಹೇಳುವುದು ವಾಡಿಕೆ. ಇಂಥ ಊರಿನಲ್ಲಿ ಗಾಡಿ ಓಡಿಸುವುದನ್ನು ಕಲಿಯುವುದು ಬಾವಿಯಲ್ಲಿ ಈಜು ಕಲಿತಂತೆ. ಕೂರಿಸಿಕೊಂಡು ಯಾರೂ ಕಲಿಸುವುದಿಲ್ಲ. ಆದರೂ ಎಲ್ಲರಿಗೂ ಬರುತ್ತದೆ. ನಾನು ಹತ್ತನೆಯ ವಯಸ್ಸಿನಲ್ಲಿ ಚಿಕ್ಕಪ್ಪನ ಮೊಪೆಡ್ಡಿನ ಮುಂದೆ, ಹಾಲಿನ ಕ್ಯಾನಿನ ಪಕ್ಕದಲ್ಲಿ ನಿಂತುಕೊಂಡು ಹ್ಯಾಂಡಲ್ಲು ಹಿಡಿದೆ. ಹದಿಮೂರಕ್ಕೆ ಒಬ್ಬನೇ ಡೈರಿಗೆ ಹಾಲು ಹಾಕಿ ಬಂದೆ. ಆ ದಿನ ಸಂಜೆ ಅಪ್ಪ, ಜಗಲಿಯ ಮೇಲೆ ಕುಳಿತಿದ್ದ ನಾಲ್ಕು ಜನಕ್ಕೆ ಕೇಳಿಸುವಂತೆ, "ನಮ್ಮ ಹುಡುಗ ಏರಿ ಇಳಿಯುವಾಗ ಬ್ರೇಕೇ ಹಿಡಿಯಲಿಲ್ಲ ಕಣ್ರಯ್ಯಾ" ಎಂದರು. ನಾನು ಎಸ್.ಎಸ್.ಎಲ್.ಸಿ. ಪಾಸು ಮಾಡಿದಾಗಲೂ ಅವರ ದನಿಯಲ್ಲಿ ಅಷ್ಟು ಹೆಮ್ಮೆಯನ್ನು ನಾನು ಕೇಳಲಿಲ್ಲ. ಅಪ್ಪನನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆ ಜಗಲಿಯ ಮೇಲೆ ಕುಳಿತಿದ್ದ ಯಾರೂ, "ಹದಿಮೂರು ವರ್ಷದ ಹುಡುಗನ ಕೈಗೆ ಗಾಡಿ ಕೊಡಬಹುದೆ?" ಎಂದು ಕೇಳಲಿಲ್ಲ. ಅವರ ಮನೆಗಳಲ್ಲಿಯೂ ಹದಿಮೂರು ವರ್ಷದ ಹುಡುಗರಿದ್ದರು.

ಕಾನೂನೊಂದು ಇದೆಯೆಂಬುದು ನಮಗೆ ತಿಳಿಯದೆ ಇರಲಿಲ್ಲ. ಆದರೆ ಅದು ಪೇಟೆಯ ವೃತ್ತದಲ್ಲಿ ವಾಸ ಮಾಡುತ್ತದೆ ಎಂಬುದು ನಮ್ಮ ತಿಳಿವಳಿಕೆ. ವೃತ್ತಕ್ಕೆ ಮೊದಲು ಸಿಗುವ ಪೆಟ್ರೋಲ್ ಬಂಕಿನ ಹಿಂದೆ ಗಾಡಿ ನಿಲ್ಲಿಸಿ ನಡೆದು ಹೋದರೆ ಕಾನೂನು ಮುಗಿಯಿತು. ನಮ್ಮ ಮನೆಯಲ್ಲಿ ಒಂದು ಹೆಲ್ಮೆಟ್ಟೂ ಇತ್ತು. ಅಪ್ಪ ಸಂತೆಯ ದಿನ ಪೇಟೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದರು. ಮಿಕ್ಕ ದಿನಗಳಲ್ಲಿ ಅದು ಅಡಿಗೆ ಮನೆಯ ಗೂಟಕ್ಕೆ ಬೋರಲಾಗಿ ತೂಗುತ್ತಿತ್ತು. ಅಮ್ಮ ಅದರೊಳಗೆ ಬೆಳ್ಳುಳ್ಳಿ ಇಡುತ್ತಿದ್ದಳು. 500 ರೂಪಾಯಿ ದಂಡ ತಪ್ಪಿಸುವ ವಸ್ತುವೆಂದು ತಂದದ್ದು ದಂಡದ ಭಯವಿಲ್ಲದ ದಿನ ಬೆಳ್ಳುಳ್ಳಿ ಬುಟ್ಟಿಯಾದರೆ ಆಶ್ಚರ್ಯವೇನು?

2022ರ ಜನವರಿ ಕೊನೆಯ ವಾರ. ನಾನಾಗ ಪ್ರಥಮ ಪಿ.ಯು.ಸಿ.; ಹದಿನಾರು ತುಂಬಿ ಕೆಲವು ತಿಂಗಳಾಗಿತ್ತು. ತಂಗಿ ಎಸ್.ಎಸ್.ಎಲ್.ಸಿ.ಯಲ್ಲಿದ್ದಳು. ಬೆಳಿಗ್ಗೆ ಅವಳಿಗೆ ಶಾಲೆಯಲ್ಲಿ ವಿಶೇಷ ತರಗತಿ. ಬಸ್ಸಿಗೆ ಕಾದರೆ ಹೊತ್ತಾಗುತ್ತದೆಂದು ಅಪ್ಪ ತಮ್ಮ ಮೋಟಾರು ಸೈಕಲ್ಲಿನ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, "ಬಿಟ್ಟು ಬಾ" ಎಂದರು. ತಂಗಿ ಹಿಂದೆ ಕುಳಿತಳು. ಬೆಳ್ಳುಳ್ಳಿ ಗೂಟದಲ್ಲಿಯೇ ಉಳಿಯಿತು.

ಆದರೆ ಬಸ್ಸು ಆ ದಿನ ಹೊತ್ತಿಗೆ ಸರಿಯಾಗಿ ಬಂದುಬಿಟ್ಟಿತು. ಊರ ಗೇಟು ದಾಟುವಷ್ಟರಲ್ಲಿ ನಮ್ಮ ಮುಂದೆ ಹೋಗುತ್ತಿತ್ತು. ಅದರ ಹಿಂದಿನ ಸೀಟುಗಳಲ್ಲಿ ನನ್ನ ಕಾಲೇಜಿನ ಗೆಳೆಯರಿದ್ದರು. ಒಬ್ಬ ಕಿಟಕಿಯಿಂದ ತಲೆ ಹಾಕಿ ಕೈ ಬೀಸಿದ. ಅಷ್ಟೇ ಸಾಕಾಯಿತು. ಹದಿನಾರನೆಯ ವಯಸ್ಸಿನಲ್ಲಿ ಮನುಷ್ಯನಿಗೆ ಬೇಕಾದುದು ಅನ್ನವಲ್ಲ, ನೀರಲ್ಲ, ನೋಡುವವರು. ನಾನು ಬಸ್ಸನ್ನು ಹಿಂದೆ ಹಾಕಲು ಹೊರಟೆ. ತಂಗಿ, "ಅಣ್ಣ, ನಿಧಾನ" ಎಂದಳು. ಇನ್ನೊಂದು ಸಲ ಎಂದಳು. ಮೂರನೆಯ ಸಲ ನನ್ನ ಅಂಗಿಯನ್ನು ಹಿಡಿದು ಜಗ್ಗಿದಳು. ಹೆಣ್ಣುಮಕ್ಕಳಿಗೆ ಹೆದರಿಕೆ ಜಾಸ್ತಿ ಎಂದುಕೊಂಡು ನಾನು ಇನ್ನಷ್ಟು ತಿರುವಿದೆ. ಮುಳ್ಳು ಎಪ್ಪತ್ತನ್ನು ಮುಟ್ಟಿತ್ತು. ಬಸ್ಸಿನ ಮುಂದಕ್ಕೆ ಬಂದವನು, ಅವರು ನೋಡುತ್ತಿದ್ದಾರೆಯೇ ಇಲ್ಲವೇ ಎಂದು ತಿಳಿಯಬೇಕಾಗಿ, ತಲೆಯನ್ನು ಹಿಂದಕ್ಕೆ ತಿರುಗಿಸಿ ನೋಡಿದೆ.

ಮತ್ತೆ ಮುಂದಕ್ಕೆ ನೋಡುವಾಗ ರಸ್ತೆಯ ತುಂಬ ಹುರುಳಿ.

ನಮ್ಮ ಸೀಮೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಸುಗ್ಗಿಯ ಕಾಲದಲ್ಲಿ ರೈತರು ಹುರುಳಿಯ ಗಿಡಗಳನ್ನು ಬೇರು ಸಮೇತ ಕಿತ್ತು ತಂದು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು ಲಾರಿಗಳು ಅದರ ಮೇಲೆ ಹರಿದು ಕಾಯಿ ಒಡೆಯುತ್ತದೆ, ಕಾಳು ಉದುರುತ್ತದೆ. ಖರ್ಚಿಲ್ಲದ ಒಕ್ಕಣೆ. ಕಣ ಮಾಡುವುದು ತಪ್ಪಿ ಎಷ್ಟೋ ವರ್ಷವಾಯಿತು, ರಸ್ತೆಯೇ ಕಣ. ನಾಲ್ಕು ಚಕ್ರದವರಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಎರಡು ಚಕ್ರದವರಿಗೆ ಒಣಗಿದ ಹುರುಳಿ ಹೊಟ್ಟೂ ಒಂದೇ, ಎಣ್ಣೆ ಸವರಿದ ಹಾಸುಗಲ್ಲೂ ಒಂದೇ. ಅದರ ಮೇಲೆ ಹೋಗಲೇಬೇಕಾದರೆ ಮೊದಲೇ ವೇಗ ತಗ್ಗಿಸಿ, ಹ್ಯಾಂಡಲ್ಲನ್ನು ನೆಟ್ಟಗೆ ಹಿಡಿದು, ಬ್ರೇಕು ಮುಟ್ಟದೆ ಮೆಲ್ಲಗೆ ದಾಟಬೇಕು. ನಾನು ಮಾಡಿದ್ದು ಇದರ ತಲೆಕೆಳಗು. ಮುಂದಿನ ಚಕ್ರದ ಬ್ರೇಕನ್ನು ಕೈ ತುಂಬ ಹಿಡಿದೆ. ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ.

ನಾನು ಹುರುಳಿಯ ರಾಶಿಯ ಮೇಲೆ ಬಿದ್ದೆ; ಮೊಣಕೈ ತರಚಿತು, ಅಷ್ಟೆ. ತಂಗಿ ರಸ್ತೆಯ ಅಂಚಿಗೆ ಎಸೆಯಲ್ಪಟ್ಟು ಬಲಗೈ ಊರಿ ಬಿದ್ದಳು. ಕಾಳು ಚೆಲ್ಲದಿರಲೆಂದು ಅಂಚಿನುದ್ದಕ್ಕೂ ಇಟ್ಟಿದ್ದ ಕಲ್ಲುಗಳಲ್ಲಿ ಒಂದು ಅವಳ ತಲೆಯಿಂದ ಒಂದು ಗೇಣು ದೂರದಲ್ಲಿತ್ತು. ಆ ಗೇಣನ್ನು ನಾನು ಆಮೇಲೆ ಹೋಗಿ ನನ್ನ ಕೈಯಿಂದಲೇ ಅಳೆದು ಬಂದಿದ್ದೇನೆ.

ಬಸ್ಸು ನಮ್ಮ ಹಿಂದೆಯೇ ಬರುತ್ತಿತ್ತಲ್ಲವೆ? ಅದು ತಂಗಿಯ ಕಾಲಿನಿಂದ ನಾಲ್ಕು ಮಾರು ಈಚೆಗೆ ನಿಂತಿತ್ತು. ಚಾಲಕರು ಇಳಿದು ಬಂದರು. ಐವತ್ತರ ಮೇಲಿನ ವಯಸ್ಸು. ಬಯ್ಯುತ್ತಾರೆಂದು ನಾನು ತಲೆ ತಗ್ಗಿಸಿದೆ, ಅವರು ಬಯ್ಯಲಿಲ್ಲ. ತಂಗಿಯ ಕೈಗೆ ತಮ್ಮ ಟವಲ್ಲನ್ನು ಜೋಳಿಗೆ ಮಾಡಿ ಕಟ್ಟಿ, ಅವಳನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ, ದಾರಿಯಲ್ಲಿ ಎಲ್ಲಿಯೂ ನಿಲ್ಲಿಸದೆ ನೇರವಾಗಿ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಇಳಿಯುವಾಗ ನನ್ನನ್ನು ಮಾತ್ರ ಒಂದು ಕ್ಷಣ ತಡೆದು ಹೇಳಿದರು: "ಅಲ್ಲ ಮಗ, ನೀನು ಹಿಂದಕ್ಕೆ ತಿರುಗಿ ನೋಡಿದೆಯಲ್ಲ, ಆಗಲೇ ನಾನು ಬ್ರೇಕಿನ ಮೇಲೆ ಕಾಲಿಟ್ಟೆ. ನೀನು ಬಿದ್ದ ಮೇಲೆ ಇಟ್ಟಿದ್ದರೆ ಆಗುತ್ತಿರಲಿಲ್ಲ."

ಈ ಮಾತಿನ ಅರ್ಥ ನನಗೆ ಆ ದಿನ ಪೂರ್ತಿಯಾಗಿ ಆಗಲಿಲ್ಲ. ನಾನು ಕಲಾ ವಿಭಾಗದವನು, ಲೆಕ್ಕ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೂ ಬಹಳ ದಿನಗಳ ಮೇಲೆ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಿದೆ. ಗಂಟೆಗೆ 70 ಕಿಲೋಮೀಟರು ಎಂದರೆ ಸೆಕೆಂಡಿಗೆ 19 ಮೀಟರಿಗಿಂತ ಹೆಚ್ಚು. ನಾನು ಎರಡು ಸೆಕೆಂಡು ಹಿಂದಕ್ಕೆ ನೋಡಿದ್ದೆ ಎಂದಿಟ್ಟುಕೊಂಡರೆ, ಸುಮಾರು 39 ಮೀಟರು ದೂರ ಆ ಗಾಡಿಯನ್ನು ಓಡಿಸುತ್ತಿದ್ದವರು ಯಾರೂ ಇರಲಿಲ್ಲ. ತಂಗಿ ಒಬ್ಬಳೇ ಅದರ ಮೇಲೆ ಕುಳಿತಿದ್ದಳು. ಇನ್ನೊಂದು ಸಂಗತಿಯನ್ನು ವಿಜ್ಞಾನದ ಗೆಳೆಯನೊಬ್ಬ ಹೇಳಿಕೊಟ್ಟ. ಬ್ರೇಕು ಹಿಡಿದ ಮೇಲೆ ಗಾಡಿ ಓಡುವ ದೂರ ವೇಗದಂತೆ ಬೆಳೆಯುವುದಿಲ್ಲ, ವೇಗದ ವರ್ಗದಂತೆ ಬೆಳೆಯುತ್ತದೆಯಂತೆ. 40ರಿಂದ 60ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ನಿಲ್ಲಲು ಬೇಕಾದ ನೆಲ ಎರಡೂ ಕಾಲು ಪಟ್ಟು. 40ರಿಂದ 80ಕ್ಕೆ ಹೋದರೆ ನಾಲ್ಕು ಪಟ್ಟು. ಹಳ್ಳಿಯ ರಸ್ತೆಯಲ್ಲಿ ಅಷ್ಟು ನೆಲವನ್ನು ಯಾರು ನಮಗಾಗಿ ಖಾಲಿ ಬಿಟ್ಟಿರುತ್ತಾರೆ? ಹುರುಳಿ ಇರುತ್ತದೆ, ಎಮ್ಮೆ ಇರುತ್ತದೆ, ಕಾಯಿ ತುಂಬಿದ ಟ್ರ್ಯಾಕ್ಟರು ಹಿಂದೀಪವಿಲ್ಲದೆ ನಿಂತಿರುತ್ತದೆ. ಆ ಚಾಲಕರಿಗೆ ಈ ಸೂತ್ರ ಗೊತ್ತಿತ್ತೋ ಇಲ್ಲವೋ. ಮುಂದೆ ಹೋಗುವ ಹುಡುಗನ ಕತ್ತು ತಿರುಗಿದ್ದನ್ನು ನೋಡಿ ಮುಂದಾಗುವುದನ್ನು ಅವರು ಊಹಿಸಿದರು. ನನಗೆ ಗಾಡಿ ಓಡಿಸಲು ಬರುತ್ತದೆಂದು ನಾನು ತಿಳಿದುಕೊಂಡಿದ್ದೆ. ಅವರಿಗೆ ನಿಜವಾಗಿ ಬರುತ್ತಿತ್ತು.

ತಂಗಿಯ ಮಣಿಕಟ್ಟಿನ ಹತ್ತಿರ ಎರಡು ಮೂಳೆಗಳೂ ಮುರಿದಿದ್ದವು. ಒಳಗೆ ಲೋಹದ ಪಟ್ಟಿ ಇಟ್ಟು ತಿರುಪು ಬಿಗಿದರು. ಅಪ್ಪ ಓಡಿ ಬಂದಾಗ ನಾನು ಗೋಡೆಗೆ ಒರಗಿ ನಿಂತಿದ್ದೆ. ಅವರು ಬಾಯಿ ತೆರೆಯುವುದಕ್ಕೆ ಮೊದಲೇ ತಂಗಿ, ನೋವಿನಲ್ಲಿ ಹಲ್ಲು ಕಚ್ಚಿಕೊಂಡು, "ಅಣ್ಣನದೇನೂ ತಪ್ಪಿಲ್ಲಪ್ಪ. ನಾಯಿ ಅಡ್ಡ ಬಂತು" ಎಂದಳು.

ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಸುಮ್ಮನಿದ್ದೆ. ಸುಮ್ಮನಿದ್ದುದು ಈವರೆಗೆ ನಡೆದುಕೊಂಡು ಬಂದಿದೆ.

ಸುಳ್ಳು ಅಲ್ಲಿಗೆ ಮುಗಿದಿದ್ದರೆ ಚಿಕ್ಕದಾಗಿ ಹೋಗುತ್ತಿತ್ತು. ಅಪ್ಪ, "ಯಾವ ನಾಯಿ?" ಎಂದು ಕೇಳಿದರು. ನಾವು ಬಿದ್ದ ಜಾಗದ ಪಕ್ಕದಲ್ಲಿ ಒಂದು ತೋಟದ ಮನೆ; ಅವರಲ್ಲಿ ಒಂದು ಕೆಂದ ನಾಯಿ. ರಸ್ತೆಯಲ್ಲಿ ಹೋಗುವ ಗಾಡಿಗಳನ್ನು ಕಂಡರೆ ಬೇಲಿಯ ಒಳಗಿನಿಂದಲೇ ಒಂದೆರಡು ಸಲ ಬೊಗಳಿ ತನ್ನ ಕರ್ತವ್ಯ ಮುಗಿಸುವ ಪ್ರಾಣಿ. ಅಪ್ಪ ಮರುದಿನವೇ ಆ ಮನೆಗೆ ಹೋಗಿ ಜಗಳವಾಡಿ ಬಂದರು. ತೋಟದ ಯಜಮಾನರು, "ನಮ್ಮ ನಾಯಿ ಬೆಳಿಗ್ಗೆ ನನ್ನ ಜೊತೆ ತೋಟದೊಳಗಿತ್ತು" ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವರು ಬೇಸತ್ತು ನಾಯಿಗೆ ಸರಪಳಿ ಹಾಕಿದರು. ಎರಡು ಮನೆಗಳ ನಡುವೆ ಮಾತು ನಿಂತಿತು. ಮೊದಲು ನಮ್ಮ ಮನೆಯ ದೊಡ್ಡ ಹಬ್ಬಗಳಿಗೆಲ್ಲ ಬಾಳೆ ಎಲೆ ಬರುತ್ತಿದ್ದುದು ಅವರ ತೋಟದಿಂದ. ಈಗ ಅಮ್ಮ ಪೇಟೆಯಿಂದ ಕೊಂಡು ತರಿಸುತ್ತಾಳೆ.

ತಂಗಿಯ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ಕನ್ನಡದಲ್ಲಿ 125ಕ್ಕೆ 125 ತೆಗೆಯಬೇಕೆಂದು ಅವಳ ಹಟ. ಪರೀಕ್ಷೆಯ ಹೊತ್ತಿಗೆ ಕಟ್ಟು ಬಿಚ್ಚಿದ್ದರೂ ಬೆರಳುಗಳು ಮೂರು ಗಂಟೆ ಲೇಖನಿ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಅರ್ಜಿ ಹಾಕಿ, ಅವಳು ಹೇಳಿದ್ದನ್ನು ಬರೆದುಕೊಳ್ಳಲು ಕೆಳಗಿನ ತರಗತಿಯ ಹುಡುಗಿಯೊಬ್ಬಳನ್ನು ಗೊತ್ತು ಮಾಡಿದರು. ಆ ಮಗು ಪಾಪ ಒಳ್ಳೆಯದೇ. ಆದರೆ ಅಲ್ಪಪ್ರಾಣ ಮಹಾಪ್ರಾಣಗಳ ವಿಷಯದಲ್ಲಿ ಅದಕ್ಕೆ ಪಕ್ಷಪಾತವಿರಲಿಲ್ಲ. ತಂಗಿ ತನ್ನ ಉತ್ತರ ಬೇರೆಯವರ ಕೈಯಲ್ಲಿ ತಪ್ಪಾಗಿ ಹಾಳೆಗೆ ಇಳಿಯುವುದನ್ನು ಪಕ್ಕದಲ್ಲಿ ಕುಳಿತು ನೋಡಿದಳು. ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದಳು. ಅಮ್ಮನೂ ನಕ್ಕಳು. ನಾನು ಎದ್ದು ಹಿತ್ತಿಲಿಗೆ ಹೋದೆ.

ಇನ್ನು ಒಂದು ಬಹುಮಾನದ ವಿಷಯ. ನಾನು ಈ ಕಾಲೇಜಿಗೆ ಸೇರಿದ ವರ್ಷ ರಸ್ತೆ ಸುರಕ್ಷತೆಯ ಬಗ್ಗೆ ಪ್ರಬಂಧ ಸ್ಪರ್ಧೆ ಏರ್ಪಡಿಸಿದ್ದರು. ನಾನೂ ಬರೆದೆ. "ಯುವಜನರು ಸಂಚಾರ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು" ಎಂಬ ಬಗೆಯ ವಾಕ್ಯಗಳು ನಾಲ್ಕು ಪುಟ. ಅಂಕಿ ಅಂಶಗಳೂ ಇದ್ದವು. 2022ನೇ ಇಸವಿಯಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್ಟು ಧರಿಸದೆ ಸತ್ತವರು 50,029. ಕೇಂದ್ರ ಸರ್ಕಾರದ ವರದಿಯಿಂದ ಎತ್ತಿಕೊಂಡ ಈ ಸಂಖ್ಯೆಗಳನ್ನು ಬರೆಯುವಾಗ ನನ್ನ ಕೈ ಒಂದಿಷ್ಟೂ ನಡುಗಲಿಲ್ಲ. ನಮ್ಮ ಹುರುಳಿಯ ರಸ್ತೆಯೂ ಅದೇ ವರ್ಷದ್ದು, ಒಂದು ಗೇಣು ಅತ್ತಿತ್ತ ಆಗಿದ್ದರೆ ಕೊನೆಯ ಅಂಕಿ ಬೇರೆಯಾಗುತ್ತಿತ್ತು ಎಂಬುದೂ ಹೊಳೆಯಲಿಲ್ಲ. ಎರಡನೆಯ ಬಹುಮಾನ ಬಂತು. ಮನೆಯಲ್ಲಿ ಅಪ್ಪ ಪ್ರಶಸ್ತಿ ಪತ್ರವನ್ನು ಗೋಡೆಗೆ ಹಾಕಿಸಿದರು. ತಂಗಿ ಪ್ರಬಂಧವನ್ನು ಇಸಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, ಹಾಳೆಗಳನ್ನು ಜೋಡಿಸಿ ಹಿಂದಕ್ಕೆ ಕೊಡುತ್ತ, "ಚೆನ್ನಾಗಿದೆ ಅಣ್ಣ. ಇದರಲ್ಲಿ ನಾಯಿ ಬರಲೇ ಇಲ್ಲವಲ್ಲ?" ಎಂದಳು.

ಅವಳು ಚುಚ್ಚಿ ಹೇಳಿದಳೋ ತಮಾಷೆಗೆ ಹೇಳಿದಳೋ ನನಗೆ ಇನ್ನೂ ತಿಳಿಯದು. ಆದರೆ ಆ ರಾತ್ರಿಯಿಂದ ಆ ಪ್ರಶಸ್ತಿ ಪತ್ರದ ಕಡೆಗೆ ನೋಡುವುದು ನನಗೆ ಕಷ್ಟವಾಗಿದೆ.

ಇತಿಹಾಸದ ತರಗತಿಯಲ್ಲಿ ಮೊದಲನೆಯ ಮಹಾಯುದ್ಧವನ್ನು ಓದುವಾಗ ಟಿ. ಇ. ಲಾರೆನ್ಸ್ ಎಂಬಾತನ ಹೆಸರು ಬರುತ್ತದೆ. ಅರಬರ ದಂಗೆಯಲ್ಲಿ ಸೇರಿ ಹೋರಾಡಿದ ಆ ಸಾಹಸಿಗೆ ಯುದ್ಧ ಏನೂ ಮಾಡಲಿಲ್ಲ. 1935ರ ಮೇ 13ರಂದು ಇಂಗ್ಲೆಂಡಿನಲ್ಲಿ ತನ್ನ ಮನೆಯ ಹತ್ತಿರದ ರಸ್ತೆಯಲ್ಲಿ ಮೋಟಾರು ಸೈಕಲ್ಲಿನ ಮೇಲೆ ಬರುತ್ತಿದ್ದಾಗ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ಪೆಟ್ಟಾಗಿ ಆರು ದಿನ ಎಚ್ಚರವಿಲ್ಲದೆ ಇದ್ದು ತೀರಿಕೊಂಡ. ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳು ಶಸ್ತ್ರವೈದ್ಯನೂ ಇದ್ದ. ಆತ ಈ ಸಾವನ್ನು ಮರೆಯಲಿಲ್ಲ. ಮೋಟಾರು ಸೈಕಲ್ಲಿನಿಂದ ಬಿದ್ದು ತಲೆ ಒಡೆದುಕೊಂಡ ಸೈನಿಕರನ್ನು ಪರೀಕ್ಷಿಸುತ್ತ ಬಂದು, 1941ರಲ್ಲಿ ಹೆಲ್ಮೆಟ್ಟಿನ ಉಪಯೋಗವನ್ನು ಕುರಿತು ಪ್ರಬಂಧ ಪ್ರಕಟಿಸಿದ. ಅದೇ ವರ್ಷದ ಕೊನೆಗೆ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ನಮ್ಮ ಅಡಿಗೆ ಮನೆಯ ಗೂಟಕ್ಕೆ ತೂಗುತ್ತಿದ್ದ ಬೆಳ್ಳುಳ್ಳಿ ಬುಟ್ಟಿಯ ವಂಶಾವಳಿ ಇಲ್ಲಿಗೆ ಹೋಗಿ ಮುಟ್ಟುತ್ತದೆಂದು ತಿಳಿದಾಗ ನಾನು ತರಗತಿಯಲ್ಲಿ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದೆ. ಪ್ರಬಂಧ ಬರೆಯುವುದರಲ್ಲಿಯೂ ಎರಡು ಬಗೆ ಉಂಟು.

ಹದಿನೆಂಟು ತುಂಬಿದ ಮೇಲೆ ಲೈಸೆನ್ಸಿಗೆ ಅರ್ಜಿ ಹಾಕಲು ಹೋದಾಗ ನನಗೆ ಇನ್ನೊಂದು ಪಾಠವಾಯಿತು. ಗೇರಿಲ್ಲದ, 50 ಸಿ.ಸಿ. ಮೀರದ ಗಾಡಿಗೆ ಮಾತ್ರ ಹದಿನಾರಕ್ಕೆ ಲೈಸೆನ್ಸು, ಮಿಕ್ಕವಕ್ಕೆಲ್ಲ ಹದಿನೆಂಟು. ಅಷ್ಟು ನನಗೆ ಗೊತ್ತಿತ್ತು. 2019ರ ತಿದ್ದುಪಡಿ ಗೊತ್ತಿರಲಿಲ್ಲ. ವಯಸ್ಸಾಗದ ಹುಡುಗ ಗಾಡಿ ಓಡಿಸಿ ಅಪರಾಧವಾದರೆ ಗಾಡಿ ಕೊಟ್ಟ ತಂದೆಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ಅರ್ಜಿಯ ಸಾಲಿನಲ್ಲಿ ನಿಂತು ಇದನ್ನು ಓದಿದಾಗ, ಜಗಲಿಯ ಮೇಲೆ ಕುಳಿತು ನನ್ನನ್ನು ಹೊಗಳಿದ ಅಪ್ಪನ ಮುಖ ಕಣ್ಣ ಮುಂದೆ ಬಂತು. ನಾನು ಆ ಬೆಳಿಗ್ಗೆ ಪಣಕ್ಕಿಟ್ಟಿದ್ದು ತಂಗಿಯೊಬ್ಬಳನ್ನೇ ಅಲ್ಲ.

ತಂಗಿ ಈಗ ಇದೇ ಕಾಲೇಜಿನಲ್ಲಿ ದ್ವಿತೀಯ ಬಿ.ಎ. ಓದುತ್ತಿದ್ದಾಳೆ. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಬೆಳಿಗ್ಗೆ ರಂಗೋಲಿ ಎಳೆಯುವಾಗ ಬಲಗಡೆಯ ಎಳೆ ತುಸು ತೋರವಾಗಿ ಬೀಳುತ್ತದೆ. ಕಳೆದ ವರ್ಷ ಕಲಿಕಾ ಲೈಸೆನ್ಸು ತೆಗೆದುಕೊಂಡು, ಎಂಟರ ಆಕಾರದಲ್ಲಿ ಓಡಿಸಿ ತೋರಿಸಿ, ಒಂದೇ ಸಲಕ್ಕೆ ಪಾಸಾದಳು. ಈಗ ನಾವಿಬ್ಬರೂ ಒಂದೇ ಸ್ಕೂಟರಿನಲ್ಲಿ ಬರುತ್ತೇವೆ, ಎರಡು ಹೆಲ್ಮೆಟ್ಟು. ಒಂದು ದಿನ ಅವಳು ಓಡಿಸುತ್ತಾಳೆ, ಒಂದು ದಿನ ನಾನು. ಇದಕ್ಕೆ ಅವಳು ಮಾಡಿದ ಕಟ್ಟಳೆಯೊಂದಿದೆ. ಹಿಂದೆ ಕುಳಿತವರು ಹೆಗಲಿನ ಮೇಲೆ ಎರಡು ಸಲ ತಟ್ಟಿದರೆ ವೇಗ ತಗ್ಗಿಸಬೇಕು. ಮೂರು ಸಲ ತಟ್ಟಿದರೆ ಗಾಡಿ ನಿಲ್ಲಿಸಬೇಕು. ಏಕೆ ಎಂದು ಕೇಳುವಂತಿಲ್ಲ, ಹೆದರುಪುಕ್ಕಲು ಎಂದು ನಗುವಂತಿಲ್ಲ. ಹಿಂದೆ ಕುಳಿತವರ ಕೈಯಲ್ಲಿ ಬ್ರೇಕಿಲ್ಲ. ಇದೇ ಅವರ ಬ್ರೇಕು. ನಮ್ಮ ಗೆಳೆಯರಲ್ಲಿ ಐದಾರು ಮಂದಿ ಇದನ್ನು ಕಲಿತುಕೊಂಡಿದ್ದಾರೆ. ಮೊದಲು ನಕ್ಕರು. ಆ ದಿನ ಬಸ್ಸಿನ ಕಿಟಕಿಯಿಂದ ಕೈ ಬೀಸಿದವನು ಮಾತ್ರ ನಗಲಿಲ್ಲ. ಅವನು ಅಲ್ಲಿ ನಾಯಿ ಇತ್ತೋ ಇಲ್ಲವೋ ಕಣ್ಣಾರೆ ಕಂಡವನು. ಕಾಲೇಜು ಬಿಟ್ಟ ಮೇಲೆ ಗೇಟಿನ ಮುಂದೆ ಮೂವರು ಮೂವರಾಗಿ ಹತ್ತಿ, ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಹೊರಡುವ ಕಿರಿಯ ಮಿತ್ರರನ್ನು ಕಂಡಾಗ ಇದನ್ನು ಅವರಿಗೂ ಹೇಳಬೇಕೆನಿಸುತ್ತದೆ. ಆದರೆ ಓಡುವ ಗಾಡಿಗೆ ಉಪದೇಶ ಹತ್ತುವುದಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಬರೆಯುವುದಕ್ಕೆ ಮೊದಲು ತಂಗಿಯನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಬರೆ. ಆದರೆ ಸುಳ್ಳು ಹೇಳಿದ್ದು ನಾನು ಎಂಬುದನ್ನೂ ಬರೆ. ಎಲ್ಲವನ್ನೂ ನೀನೇ ಹೊತ್ತುಕೊಂಡು ದೊಡ್ಡ ಮನುಷ್ಯ ಆಗಬೇಡ" ಎಂದಳು. ಬರೆದಿದ್ದೇನೆ.

ಕೆಂದ ನಾಯಿಗೆ ಈಗ ವಯಸ್ಸಾಗಿದೆ. ಹಗಲು ಹೊತ್ತು ಇನ್ನೂ ಸರಪಳಿಯಲ್ಲಿಯೇ ಇರುತ್ತದೆ. ನಮ್ಮ ಸ್ಕೂಟರು ಹೋಗುವಾಗ ತಲೆ ಎತ್ತಿ ನೋಡುತ್ತದೆ, ಬೊಗಳುವುದಿಲ್ಲ. ಸಂಚಿಕೆ ಬೇಸಗೆ ರಜೆಗೆ ಮೊದಲು ಹೊರಬರುತ್ತದೆಂದು ಸಂಪಾದಕ ಮಂಡಳಿಯ ಅಧ್ಯಾಪಕರು ಹೇಳಿದ್ದಾರೆ. ನಮ್ಮ ಅಪ್ಪ ಕಾಲೇಜಿನ ಸಂಚಿಕೆಯನ್ನು ಪ್ರಾಂಶುಪಾಲರ ಮುನ್ನುಡಿಯಿಂದ ಹಿಡಿದು ಕೊನೆಯ ಪುಟದ ಜವಳಿ ಅಂಗಡಿಯ ಜಾಹೀರಾತಿನವರೆಗೆ ಒಂದಕ್ಷರ ಬಿಡದೆ ಓದುತ್ತಾರೆ.